ಮುಯ್ಯಿ ಪುಸ್ತಕದ ಹಿಂದಿನ ಪುಟಗಳು: ಒಂದು ಮನೆಯ ದುಡ್ಡಿನ ಜಗಳ ಬಿಡಿಸಿದ ಬಗೆ

ಇದು ನನ್ನ ತವರುಮನೆಯ ಕತೆ. ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಐದು ಜನ: ಅಮ್ಮ, ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಮಕ್ಕಳು. ಎರಡು ಎಕರೆ ತೆಂಗು, ಒಂದು ಎಕರೆ ರಾಗಿ ಹೊಲ, ಎರಡು ಹಸು. ಅಪ್ಪ ತೀರಿಕೊಂಡು ಆಗ ಆರು ವರ್ಷ ಆಗಿತ್ತು. ನಾನು ಅದೇ ತಾಲ್ಲೂಕಿನ ಇನ್ನೊಂದು ಊರಿಗೆ ಮದುವೆಯಾಗಿ ಹೋದವಳು. ನಮ್ಮೂರಿನ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುತ್ತೇನೆ. ಇದನ್ನು ಬರೆಯಲು ಅಮ್ಮ, ತಮ್ಮನ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಎಂದರು.

ಜಗಳ ಶುರುವಾಗಿದ್ದು ಗೃಹಲಕ್ಷ್ಮಿ ದುಡ್ಡಿನಿಂದ. ಹಾಗಂತ ಆಗ ಎಲ್ಲರೂ ಅಂದುಕೊಂಡಿದ್ದೆವು.

ಯೋಜನೆಯ ನೋಂದಣಿ 2023ರ ಜುಲೈನಲ್ಲಿ ಶುರುವಾಯಿತು. ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಚಾಲನೆ ಕೊಟ್ಟರು. ರೇಷನ್ ಕಾರ್ಡಿನಲ್ಲಿ ಯಾರು ಮನೆಯ ಯಜಮಾನಿಯೋ ಅವರ ಖಾತೆಗೆ ತಿಂಗಳಿಗೆ 2,000 ರೂಪಾಯಿ. ನಮ್ಮ ಮನೆ ಕಾರ್ಡಿನಲ್ಲಿ ಯಜಮಾನಿ ಅಮ್ಮ. ಅದೇನು ಅಮ್ಮ ಹಟ ಹಿಡಿದು ಹಾಕಿಸಿಕೊಂಡಿದ್ದಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಹಾಗಿದೆ. ಮನೆಯಲ್ಲಿ ಹದಿನೆಂಟು ದಾಟಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರೇ ಕಾರ್ಡಿನ ಯಜಮಾನಿ. ಈ ವಿಷಯ ಎಷ್ಟೋ ಮನೆಗಳಲ್ಲಿ ಸೊಸೆಯರಿಗೆ ಗೊತ್ತಿಲ್ಲ. ಅತ್ತೆ ಏನೋ ಕೈವಾಡ ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಅದೇ ಆಯಿತು.

ಆ ವರ್ಷ ಹೇಗಿತ್ತು ಅನ್ನುವುದನ್ನೂ ಹೇಳಬೇಕು. ಮಳೆ ಕೈಕೊಟ್ಟಿತ್ತು. ರಾಗಿ ತೆನೆ ಕಟ್ಟಲಿಲ್ಲ. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ 8 ಸಾವಿರದ ಆಸುಪಾಸಿಗೆ ಇಳಿದಿತ್ತು. ತಮ್ಮ ಕೊಬ್ಬರಿಯನ್ನು ಅಟ್ಟದ ಮೇಲೇ ಇಟ್ಟುಕೊಂಡು ಕೂತಿದ್ದ. ಒಳ್ಳೆ ವರ್ಷದಲ್ಲಿ ಯಾರೂ ಲೆಕ್ಕ ಕೇಳದ 2,000 ರೂಪಾಯಿ, ಅಂಥ ವರ್ಷದಲ್ಲಿ ಮನೆಯ ನಡುವೆ ಬಂದು ಕೂರುತ್ತದೆ.

ಮೊದಲ ಎರಡು ಕಂತು ಬಂತು. ಆಮೇಲೆ ಅಮ್ಮ "ಬಂದಿಲ್ಲ" ಎಂದಳು. ಪಕ್ಕದ ಮನೆಯವರಿಗೆ ಬಂದಿತ್ತು. ತಮ್ಮನ ಹೆಂಡತಿ ಎರಡು ಸಲ ಕೇಳಿದಳು. ಮೂರನೇ ಸಲ ಕೇಳಿದಾಗ ಅಮ್ಮನಿಗೆ ಸಿಟ್ಟು ಬಂತು. "ನಾನೇನು ಬಚ್ಚಿಟ್ಟುಕೊಂಡು ಹೋಗ್ತೀನಾ? ನಿನ್ನ ಮಕ್ಕಳಿಗಲ್ದೆ ಯಾರಿಗೆ ಮಾಡ್ತೀನಿ?" ಅಂದಳಂತೆ. ಅವಳು, "ಹಾಗಾದ್ರೆ ಪಾಸ್‌ಬುಕ್ ತೋರಿಸಿ ಅತ್ತೆ" ಅಂದಳಂತೆ. ಆ ಮಾತು ಅಮ್ಮನ ಎದೆಗೆ ಬಿತ್ತು. ಪಾಸ್‌ಬುಕ್ಕನ್ನು ಟ್ರಂಕಿನೊಳಗೆ ಹಾಕಿ ಬೀಗ ಹಾಕಿಕೊಂಡಳು.

ಸಂಕ್ರಾಂತಿಗೆ ನಾನು ಹೋದಾಗ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಎಳ್ಳು ಬೀರಲು ಇಬ್ಬರೂ ಬೇರೆ ಬೇರೆ ತಟ್ಟೆ ಹಿಡಿದು ಹೋದರು. ಒಂದೇ ಬೀದಿಗೆ. ನನಗೆ ಅದನ್ನು ನೋಡಿ ಬಹಳ ಕಷ್ಟ ಆಯಿತು.

ತಮ್ಮನನ್ನು ಕೇಳಿದೆ. "ಹೆಂಗಸರ ವಿಷಯ ಕಣಕ್ಕ, ನಾನೇನು ಮಾಡಲಿ" ಅಂದ. ಅವನು ಒಳ್ಳೆಯವನೇ. ಆದರೆ ಇಂಥ ಹೊತ್ತಿನಲ್ಲಿ ತೋಟಕ್ಕೆ ಹೋಗಿಬಿಡುತ್ತಾನೆ.

ತಮ್ಮನ ಹೆಂಡತಿ ಆಗಲೇ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಬೇರೆ ಕಾರ್ಡ್ ಮಾಡಿಸಿಕೊಳ್ಳಬಹುದಾ ಎಂದು ಕೇಳಿ ಬಂದಿದ್ದಳು. ಬೇರೆ ಕಾರ್ಡ್ ಆದರೆ ಅವಳೇ ಯಜಮಾನಿ, ಅವಳಿಗೂ ಎರಡು ಸಾವಿರ. ಆಗ ಹೊಸ ಕಾರ್ಡಿಗೆ ಅರ್ಜಿ ತೆಗೆದುಕೊಳ್ಳುತ್ತಿಲ್ಲ ಎಂದು ಹೇಳಿ ಕಳಿಸಿದ್ದರು. ನನಗೆ ಕೇಳಿದರೆ ಅದು ಒಳ್ಳೆಯದೇ ಆಯಿತು. ಒಂದೇ ಒಲೆಯಲ್ಲಿ ಉಣ್ಣುವವರು ಕಾಗದದಲ್ಲಿ ಬೇರೆ ಎಂದು ಬರೆದುಕೊಟ್ಟರೆ, ಆ ಕಾಗದ ಮೆಲ್ಲಗೆ ಒಲೆಯನ್ನೂ ಬೇರೆ ಮಾಡುತ್ತದೆ. ನಮ್ಮ ಸಂಘದ ಎರಡು ಮನೆಗಳಲ್ಲಿ ಹಾಗಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಕಾಣೆಯಾದ ಕಂತು

ಹಬ್ಬದ ಮಾರನೇ ದಿನ ಅಮ್ಮನ ಕಾಲು ಒತ್ತುತ್ತಾ ಕೂತಿದ್ದೆ. ಅವಳು ಸುಮ್ನೆ ಮಾತಿಗೆ ಹೇಳಿದಳು: "ನನ್ನ ವೇತನಾನೂ ಮೂರು ತಿಂಗಳಿಂದ ಇಲ್ಲ ಕಣೆ. ಯಾರಿಗೆ ಹೇಳಲಿ, ಅದು ಆಗಾಗ ಹಾಗೆ ಮಾಡುತ್ತೆ."

ವೇತನ ಅಂದರೆ ವಿಧವಾ ವೇತನ, ತಿಂಗಳಿಗೆ 800. ನನಗೆ ಅಲ್ಲೇ ಏನೋ ಹೊಳೆಯಿತು. ಗೃಹಲಕ್ಷ್ಮಿ ಬೇರೆ ಇಲಾಖೆಯದು, ವೇತನ ಬೇರೆ ಇಲಾಖೆಯದು. ಎರಡೂ ಒಟ್ಟಿಗೆ ನಿಲ್ಲುವುದು ಹೇಗೆ? "ಅಕ್ಕಿ ದುಡ್ಡು?" ಎಂದು ಕೇಳಿದೆ. ಆಗ ಅನ್ನಭಾಗ್ಯದಲ್ಲಿ ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರು. ಐದು ಜನಕ್ಕೆ 850. ಅದೂ ಬಂದಿರಲಿಲ್ಲ. ಆದರೆ ಡೈರಿಯ ಹಾಲಿನ ದುಡ್ಡು ಮಾತ್ರ ಸರಿಯಾಗಿ ಬರುತ್ತಿತ್ತು.

ಹಾಲಿನ ದುಡ್ಡು ಖಾತೆ ನಂಬರ್ ನೋಡಿಕೊಂಡು ಬರುತ್ತದೆ. ಸರ್ಕಾರದ ದುಡ್ಡು ಹಾಗಲ್ಲ. ಅದು ಆಧಾರ್ ನೋಡಿಕೊಂಡು ಬರುತ್ತದೆ. ಒಬ್ಬರಿಗೆ ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಎಲ್ಲಕ್ಕಿಂತ ಕೊನೆಯಲ್ಲಿ ಯಾವ ಬ್ಯಾಂಕಿಗೆ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗಿ ಬೀಳುತ್ತದೆ. ಹಳೇ ಖಾತೆ ಹಾಗೇ ಇರುತ್ತದೆ. ಅದಕ್ಕೆ ಮಾತ್ರ ಏನೂ ಬರುವುದಿಲ್ಲ.

ಅಮ್ಮನನ್ನು ಬಿಡದೆ ಕೇಳಿದೆ. ಎಲ್ಲಾದರೂ ಹೆಬ್ಬೆಟ್ಟು ಒತ್ತಿದ್ದೆಯಾ? ಯೋಚಿಸಿ ಯೋಚಿಸಿ ಹೇಳಿದಳು. ದಸರಾ ಹೊತ್ತಿನಲ್ಲಿ ಊರಿಗೆ ಒಂದು ಬ್ಯಾಂಕಿನವರು ಬಂದಿದ್ದರಂತೆ. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತ ವಿಮೆ, ಅದಕ್ಕೆ ಖಾತೆ ಬೇಕು ಅಂದರಂತೆ. ಶಾಲೆ ಜಗುಲಿಯಲ್ಲಿ ಸಾಲಾಗಿ ಕೂರಿಸಿ ಬೆರಳು ಒತ್ತಿಸಿಕೊಂಡರಂತೆ. ಪಾಸ್‌ಬುಕ್ ಆಮೇಲೆ ಕೊಡುತ್ತೇವೆ ಅಂದವರು ಕೊಡಲೇ ಇಲ್ಲ.

ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಿದೆ ಎಂದು ತೋರಿಸುವ ಡಿಬಿಟಿ ಕರ್ನಾಟಕ ಅನ್ನುವ ಆ್ಯಪ್ ಇದೆ. ಆಧಾರ್ ನಂಬರ್ ಹಾಕಿದರೆ ಆಧಾರಿಗೆ ಕೊಟ್ಟ ಮೊಬೈಲಿಗೆ ಓಟಿಪಿ ಬರುತ್ತದೆ. ಆ ಮೊಬೈಲ್ ತಮ್ಮನದು. ಅವನನ್ನು ತೋಟದಿಂದ ಕರೆಸಿದೆ. ನೋಡಿದರೆ ಎಲ್ಲವೂ ಆ ಹೊಸ ಬ್ಯಾಂಕಿಗೆ ಹೋಗಿ ಕೂತಿತ್ತು. ಗೃಹಲಕ್ಷ್ಮಿ ಎರಡು ಕಂತು, ಅಕ್ಕಿ ದುಡ್ಡು ಎರಡು ತಿಂಗಳದ್ದು, ವೇತನ ಮೂರು ತಿಂಗಳದ್ದು. ಒಟ್ಟು 8,100 ರೂಪಾಯಿ.

ಮಾರನೇ ದಿನ ಅಮ್ಮ, ನಾನು, ತಮ್ಮನ ಹೆಂಡತಿ ಮೂವರೂ ಬಸ್ಸಿಗೆ ಹೋದೆವು. ಶಕ್ತಿ ಯೋಜನೆಯಿಂದ ಮೂವರಿಗೂ ಟಿಕೆಟ್ ಇಲ್ಲ. ಇಲ್ಲದಿದ್ದರೆ ಯಾರಾದರೂ ಒಬ್ಬರು ಮನೆಯಲ್ಲೇ ಉಳಿಯುತ್ತಿದ್ದರು, ಆಮೇಲೆ ಅವರಿಗೆ ಅನುಮಾನ ಉಳಿಯುತ್ತಿತ್ತು. ಬ್ಯಾಂಕಿನಲ್ಲಿ ಪಾಸ್‌ಬುಕ್ ಮಾಡಿಸಿದೆವು. ದುಡ್ಡು ಬಿಡಿಸಿದೆವು. ಆಧಾರ್ ಜೋಡಣೆಯನ್ನು ಹಳೇ ಬ್ಯಾಂಕಿಗೇ ವಾಪಸ್ ಮಾಡಲು ಅರ್ಜಿ ಕೊಟ್ಟೆವು. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ತಮ್ಮನ ಹೆಂಡತಿ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಅಮ್ಮನೂ ಮಾತಾಡಲಿಲ್ಲ. ಸ್ಟ್ಯಾಂಡಿನಲ್ಲಿ ಕೊಂಡ ಕಡ್ಲೆಕಾಯಿ ಪೊಟ್ಟಣವನ್ನು ಮಾತ್ರ ಅಮ್ಮ ಅವಳ ಮಡಿಲಿಗೆ ಇಟ್ಟಳು.

ನಾನು ಜಗಳ ಮುಗಿಯಿತು ಅಂದುಕೊಂಡೆ.

ಅರ್ಧ ಅರ್ಧ

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ನ್ಯಾಯವಾಗಿ ಹಂಚಿಬಿಡೋಣ ಅಂತ, "ಬಂದ ಎರಡು ಸಾವಿರದಲ್ಲಿ ಸಾವಿರ ಅಮ್ಮನಿಗೆ, ಸಾವಿರ ನಿನಗೆ" ಎಂದು ಹೇಳಿ ಬಂದೆ. ಇಬ್ಬರೂ ತಲೆಯಾಡಿಸಿದರು. ಎರಡು ತಿಂಗಳಲ್ಲೇ ಮತ್ತೆ ಮುಖ ಊದಿತು.

ಯಾಕೆ ಎಂದು ವಿಚಾರಿಸಿದೆ. ಕಂತು ಇಂಥ ತಾರೀಕಿಗೇ ಬರುತ್ತದೆ ಅಂತ ಇಲ್ಲ. ಒಂದು ತಿಂಗಳು ತಡ, ಇನ್ನೊಂದು ಸಲ ಎರಡು ಒಟ್ಟಿಗೆ. ಸೊಸೆ ಕೇಳಬೇಕು, "ಬಂತಾ ಅತ್ತೆ?" ಅಮ್ಮ ಹೇಳಬೇಕು, "ಇಲ್ಲಮ್ಮ." ವಾರಕ್ಕೊಂದು ಸಲ ಇದೇ ಮಾತು. ಕೇಳುವವಳಿಗೆ ಕೈ ಚಾಚಿದ ಹಾಗೆ, ಹೇಳುವವಳಿಗೆ ಕಟಕಟೆಯಲ್ಲಿ ನಿಂತ ಹಾಗೆ. ಇನ್ನು ಬಂದ ಸಾವಿರವನ್ನು ಸೊಸೆ ಏನು ಮಾಡಿದಳು? ದೊಡ್ಡ ಹುಡುಗನ ಸ್ಕೂಲ್ ವ್ಯಾನಿಗೆ 700 ಕೊಟ್ಟಳು, ಉಳಿದದ್ದರಲ್ಲಿ ಚಿಕ್ಕವಳಿಗೆ ಚಪ್ಪಲಿ ತಂದಳು. ಅಂದರೆ ಅದೂ ಮನೆ ಖರ್ಚೇ. ಅವಳ ಕೈ ಮತ್ತೆ ಖಾಲಿ.

"ಅಕ್ಕ, ನನಗೆ ಸಾವಿರ ಬೇಡ" ಎಂದಳು ಒಂದು ದಿನ. ಹಿತ್ತಲಿನಲ್ಲಿ ಹಾಲಿನ ಕ್ಯಾನ್ ಉಜ್ಜುತ್ತಿದ್ದಳು. "ನಾನು ಬೆಳಿಗ್ಗೆ ಐದೂವರೆಗೆ ಏಳ್ತೀನಿ. ಎರಡೂ ಹಸು ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ ಬರ್ತೀನಿ. ಸಂಜೆ ಮತ್ತೆ. ಡೈರಿ ಪುಸ್ತಕದಲ್ಲಿ ಹೆಸರು ಅತ್ತೆದು. ದುಡ್ಡು ಅತ್ತೆ ಖಾತೆಗೆ. ಒಂದು ಪ್ಯಾಡ್ ಪ್ಯಾಕೆಟ್ ತರೋಕೂ ಅವರನ್ನ ಕೇಳಬೇಕು. ಕೇಳಿದ್ರೆ ಕೊಡ್ತಾರೆ, ಇಲ್ಲ ಅನ್ನಲ್ಲ. ಆದರೆ ಕೇಳಬೇಕು."

ನಾನು ಏಳು ವರ್ಷದಿಂದ ಆ ಮನೆಗೆ ಹೋಗಿ ಬಂದು ಮಾಡುತ್ತಿದ್ದೇನೆ. ಆ ಹಾಲಿನಲ್ಲೇ ಕಾಫಿ ಕುಡಿದಿದ್ದೇನೆ. ಈ ಮಾತು ನನ್ನ ತಲೆಗೆ ಒಂದು ದಿನವೂ ಬಂದಿರಲಿಲ್ಲ. ಜಗಳ ಎರಡು ಸಾವಿರದ್ದಾಗಿರಲಿಲ್ಲ. ಹಾಲಿನ ದುಡ್ಡಿನದಾಗಿತ್ತು. ಏಳು ವರ್ಷ ಒಳಗೇ ಇದ್ದ ಮಾತಿಗೆ ಗೃಹಲಕ್ಷ್ಮಿ ಒಂದು ಬಾಗಿಲು ತೆಗೆಯಿತು, ಅಷ್ಟೇ.

ಅಮ್ಮನ ಕಡೆಯನ್ನೂ ಹೇಳದಿದ್ದರೆ ಅನ್ಯಾಯ ಆಗುತ್ತದೆ. ಡೈರಿಯಲ್ಲಿ ಮೊದಲು ಇದ್ದದ್ದು ಅಪ್ಪನ ಹೆಸರು. ಅಪ್ಪ ಹೋದ ಮೇಲೆ ಅಮ್ಮನ ಹೆಸರಿಗೆ ಆಯಿತು. ರೇಷನ್ ಕಾರ್ಡ್, ಓಟಿನ ಚೀಟಿ ಬಿಟ್ಟರೆ ಅವಳ ಹೆಸರು ಬರೆದ ಪುಸ್ತಕ ಜೀವಮಾನದಲ್ಲಿ ಅದೊಂದೇ. ಡೈರಿಯಿಂದ ದುಡ್ಡು ಬಂದ ದಿನ ಅವಳು ಪಾಸ್‌ಬುಕ್ಕಿಗೆ ಕುಂಕುಮ ಹಚ್ಚಿ ಇಡುತ್ತಿದ್ದಳು. ಅದನ್ನು ತೋರಿಸು ಅಂದಾಗ ಅವಳಿಗೆ ಅವಮಾನ ಆಗಿದ್ದು ಸಹಜವೇ ಅಲ್ವಾ?

ಮುಯ್ಯಿ ಪುಸ್ತಕ

ನಮ್ಮ ಕಡೆ ಮದುವೆ, ಗೃಹಪ್ರವೇಶ, ನಾಮಕರಣಕ್ಕೆ ಹೋದರೆ ಮುಯ್ಯಿ ಮಾಡುತ್ತೇವೆ. ಯಾರು ಎಷ್ಟು ಮಾಡಿದರು ಅಂತ ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯ ಬಂದಾಗ ತಿರುಗಿ ಮಾಡುತ್ತೇವೆ. ಅಮ್ಮ ಮೂರನೇ ಕ್ಲಾಸಿನವರೆಗೆ ಓದಿದವಳು. ಹೆಸರು ಕೂಡಿಸಿ ಓದಬಲ್ಲಳು, ಅಂಕಿ ಚೆನ್ನಾಗಿ ಬರೆಯುತ್ತಾಳೆ. ನನ್ನ ಮದುವೆಯ ಮುಯ್ಯಿ ಪುಸ್ತಕವನ್ನು ಇವತ್ತಿಗೂ ಇಟ್ಟುಕೊಂಡಿದ್ದಾಳೆ. ಉದ್ದನೆಯ ಪುಸ್ತಕ, ಕೆಂಪು ರಟ್ಟು, ಮೊದಲ ಪುಟದಲ್ಲಿ ಅರಿಶಿನ.

ಸಂಘದಲ್ಲಿ ಯಾರಿಗಾದರೂ ಜಗಳ ಬಂದರೆ ನಾವು ಮೊದಲು ಪುಸ್ತಕ ತೆಗೆಯುತ್ತೇವೆ. ಮನೆಗೂ ಅದೇ ಮಾಡೋಣ ಅನ್ನಿಸಿತು. ಆದರೆ ಹೊಸ ನೋಟ್‌ಬುಕ್ ತಂದು "ಲೆಕ್ಕ ಬರಿ" ಅಂದರೆ ಅಮ್ಮ ಅದನ್ನು ಮತ್ತೊಂದು ಅನುಮಾನ ಅಂದುಕೊಳ್ಳುತ್ತಾಳೆ. ಹಾಗಾಗಿ ಮುಯ್ಯಿ ಪುಸ್ತಕವನ್ನೇ ಕೇಳಿದೆ. ಹಿಂದಿನ ಮೂವತ್ತು ನಲವತ್ತು ಪುಟ ಖಾಲಿ ಇದ್ದವು. "ಮುಯ್ಯಿ ನೀನು ಎಷ್ಟು ಸರಿಯಾಗಿ ಬರೆದಿದ್ದೀಯಮ್ಮ. ಒಂದು ತಿಂಗಳು ಮನೆಯದನ್ನೂ ಹೀಗೇ ಬರೆ. ಇವಳು ಹೇಳಲಿ, ನೀನು ಬರೆ" ಎಂದೆ. ಅದಕ್ಕೆ ಒಪ್ಪಿದಳು. ಬರೆಯುವ ಕೈ ಅವಳದೇ ಆಗಿದ್ದರಿಂದ ಒಪ್ಪಿದಳು ಎಂದು ನನಗೆ ಈಗ ಅನಿಸುತ್ತದೆ.

2024ರ ಮಾರ್ಚ್ ಪೂರ್ತಿ ಬರೆದರು. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ. ಬಂದದ್ದು: ಹಾಲಿನದು 6,480, ಗೃಹಲಕ್ಷ್ಮಿ 2,000, ಅಕ್ಕಿಯದು 850, ವೇತನ 800, ತಮ್ಮ ಕೊಟ್ಟದ್ದು 1,500. ಒಟ್ಟು 11,630. ಹೋದದ್ದು: ಬೂಸಾ ಹಿಂಡಿಗೆ 3,050, ದಿನಸಿಗೆ 2,700, ಸಂಘದ ಕಂತು 1,100, ಎರಡು ಕಡೆ ಮುಯ್ಯಿ 1,000, ಗ್ಯಾಸ್ 830, ವ್ಯಾನ್ 700, ಅಮ್ಮನ ಬಿಪಿ ಶುಗರ್ ಮಾತ್ರೆ 610, ತರಕಾರಿ ಚಿಲ್ಲರೆ ಎಲ್ಲ ಸೇರಿ 1,200. ಒಟ್ಟು 11,190. ಕರೆಂಟ್ ಬಿಲ್ ಇಲ್ಲ, ಗೃಹಜ್ಯೋತಿಯಲ್ಲಿ ಹೋಗುತ್ತದೆ.

ಉಳಿದದ್ದು 440 ರೂಪಾಯಿ.

ಆ ಪುಟವನ್ನು ನಾಲ್ಕೂ ಜನ ಕೂತು ನೋಡಿದೆವು. ಅತ್ತೆ ದುಡ್ಡು ಕೂಡಿಡುತ್ತಿದ್ದಾರೆ ಅನ್ನುವ ಮಾತು ಅಲ್ಲಿಗೆ ನಿಂತಿತು. ಕೂಡಿಡಲು ಏನೂ ಇರಲೇ ಇಲ್ಲ. ತಮ್ಮನ ಹೆಂಡತಿ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. "ಇಷ್ಟರಲ್ಲಿ ನೀವು ಹೇಗೆ ತೂಗಿಸ್ತಿದ್ರಿ ಅತ್ತೆ" ಎಂದಳು. ಅಮ್ಮನ ಕಣ್ಣು ತುಂಬಿತು.

ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. ಈ ಪುಟದಲ್ಲಿ ಇವಳ ಸ್ವಂತದ್ದು ಯಾವುದಿದೆ, ತೋರಿಸಿ. ಅಮ್ಮ ಪುಟವನ್ನು ಮೇಲಿನಿಂದ ಕೆಳಗೆ ನೋಡಿದಳು. ಒಂದು ಸಾಲೂ ಇರಲಿಲ್ಲ. ಅಮ್ಮನಿಗೆ ಎಲೆ ಅಡಿಕೆ ಇತ್ತು, ಮಾತ್ರೆ ಇತ್ತು. ತಮ್ಮನ ಪೆಟ್ರೋಲು ಟೀ ಖರ್ಚು ಪುಸ್ತಕಕ್ಕೇ ಬಂದಿರಲಿಲ್ಲ, ಅವನು ಕೊಬ್ಬರಿ ದುಡ್ಡಿನಲ್ಲಿ ನೋಡಿಕೊಳ್ಳುತ್ತಿದ್ದ. ಐದೂವರೆಗೆ ಏಳುವವಳ ಹೆಸರಿನಲ್ಲಿ ಏನೂ ಇರಲಿಲ್ಲ. ಅಮ್ಮ ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

ಏನು ತೀರ್ಮಾನ ಆಯಿತು

ಅವತ್ತೇ ಎಲ್ಲ ಮುಗಿಯಲಿಲ್ಲ. ಮೂರು ನಾಲ್ಕು ಸಲ ಕೂತೆವು. ಕೊನೆಗೆ ನಿಂತ ಮಾತು ಇದು.

ಅಮ್ಮನ ವೇತನ 800 ಪೂರ್ತಿ ಅಮ್ಮನದು. ಅದಕ್ಕೆ ಲೆಕ್ಕ ಇಲ್ಲ, ಯಾರೂ ಕೇಳುವಂತಿಲ್ಲ. ಅಷ್ಟೇ ದುಡ್ಡು, ಅಂದರೆ 800, ಹಾಲಿನ ಬಟವಾಡೆಯಿಂದ ಸೊಸೆಗೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಆಗುತ್ತದೆ. ಪ್ರತಿ ಸಲ ಮೊದಲು 400 ತೆಗೆದು ಅವಳ ಕೈಗೆ, ಆಮೇಲೆ ಬೂಸಾ. ಅವಳು ಕೇಳುವ ಮೊದಲೇ ಕೊಡಬೇಕು. ಈ ಕೊನೆಯ ಮಾತನ್ನು ಸೇರಿಸಿದ್ದು ಅಮ್ಮನೇ.

ಗೃಹಲಕ್ಷ್ಮಿ ದುಡ್ಡನ್ನು ಇಬ್ಬರೂ ಹಂಚಿಕೊಳ್ಳುವುದಿಲ್ಲ. ಅದು ಮನೆಯದು. ಆದರೆ ತಿಂಗಳ ಖರ್ಚಿಗೆ ಅದನ್ನು ನಂಬಿಕೊಳ್ಳುವುದೂ ಇಲ್ಲ. ಇದು ನಮಗೆ ತುಂಬ ಕೆಲಸಕ್ಕೆ ಬಂತು, ಹಾಗಾಗಿ ಬಿಡಿಸಿ ಹೇಳುತ್ತೇನೆ. ವ್ಯಾನ್, ದಿನಸಿ, ಮಾತ್ರೆ ಇವಕ್ಕೆ ತಾರೀಕು ಇದೆ. ಹಾಲಿನ ದುಡ್ಡಿಗೂ ತಾರೀಕು ಇದೆ. ಅವೆರಡನ್ನೂ ಜೋಡಿಸಿದೆವು. ಗೃಹಲಕ್ಷ್ಮಿಗೆ ತಾರೀಕು ಇಲ್ಲ. ಮುಯ್ಯಿಗೂ, ಮಕ್ಕಳ ಬಟ್ಟೆಗೂ, ಮಿಕ್ಸಿ ರಿಪೇರಿಗೂ ತಾರೀಕು ಇಲ್ಲ. ಅವನ್ನು ಇದಕ್ಕೆ ಬಿಟ್ಟೆವು. ಆಮೇಲೆ "ಬಂತಾ?" ಎಂದು ಕೇಳುವ ಅವಸರವೇ ಇಲ್ಲದೆ ಹೋಯಿತು. ಬಂದಾಗ ಬರಲಿ.

ಲೆಕ್ಕ ಸರಿಹೋಗಬೇಕಾದರೆ ತಮ್ಮ ಜಾಸ್ತಿ ಕೊಡಬೇಕಿತ್ತು. ಅವನು ತಿಂಗಳಿಗೆ 2,500 ಕೊಡಲು ಒಪ್ಪಿದ. ಕೊಬ್ಬರಿ ದುಡ್ಡನ್ನೂ ಪುಸ್ತಕಕ್ಕೆ ತರಬೇಕು ಎಂದಾಗ ಮಾತ್ರ ಹಿಂದೇಟು ಹಾಕಿದ. ಕಾರಣ ಆಮೇಲೆ ಗೊತ್ತಾಯಿತು. ಮಂಡಿಯವರ ಹತ್ತಿರ 40 ಸಾವಿರ ಕೈಗಡ ತಂದಿದ್ದ. ಹೆಂಡತಿಗೂ ಹೇಳಿರಲಿಲ್ಲ. ಬೆಲೆ ಬಿದ್ದ ವರ್ಷ ಅವನು ಒಬ್ಬನೇ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದ. ತೋಟಕ್ಕೆ ಯಾಕೆ ಓಡುತ್ತಿದ್ದ ಎಂದು ನನಗೆ ಆಗ ಅರ್ಥವಾಯಿತು. ಅವನ ಮೇಲೆ ಇದ್ದ ನನ್ನ ಕೋಪ ಇಳಿಯಿತು. 2024ರಲ್ಲಿ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಕೇಂದ್ರಕ್ಕೆ ಆರು ಕ್ವಿಂಟಲ್ ಕೊಬ್ಬರಿ ಹಾಕಿದ. ಕೇಂದ್ರದ ಬೆಂಬಲ ಬೆಲೆ 12,000, ರಾಜ್ಯದ್ದು ಮೇಲೆ 1,500. ದುಡ್ಡು ಕೈಗೆ ಬರಲು ತಡವಾಯಿತು, ಆದರೆ ಬಂತು. ಕೈಗಡ ತೀರಿಸಿ ಅದನ್ನೂ ಪುಸ್ತಕದಲ್ಲಿ ಬರೆಸಿದ.

ಒಂದು ವಿಷಯದಲ್ಲಿ ನನ್ನ ಮಾತು ನಡೆಯಲಿಲ್ಲ. ಡೈರಿ ಪುಸ್ತಕದಲ್ಲಿ ಹೆಸರು ಸೊಸೆಯದಾಗಲಿ ಎಂದು ನಾನು ಹೇಳಿದೆ. ಕರೆಯುವವರು ಯಾರೋ ಹೆಸರು ಅವರದಿರಬೇಕು. ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನವೂ ಆಗ ಅವಳ ಖಾತೆಗೇ ಬರುತ್ತದೆ. ಅಮ್ಮ ಒಪ್ಪಲಿಲ್ಲ. "ಅದೊಂದು ಇರಲಿ ಬಿಡೆ" ಎಂದಳು. ನಾನು ಇನ್ನೂ ಒತ್ತಾಯ ಮಾಡುತ್ತಿದ್ದೆ. ತಮ್ಮನ ಹೆಂಡತಿಯೇ ನನ್ನ ಕೈ ಹಿಡಿದು ತಡೆದಳು. "ಬೇಡ ಅಕ್ಕ, ಈಗ ಬೇಡ" ಎಂದಳು. ನನಗೆ ಈಗಲೂ ಅದು ಆಗಬೇಕು ಅಂತಲೇ ಇದೆ. ಕಪ್ಪು ಹಸುವಿನ ಕರು ಹೆಣ್ಣು. ಅದು ಹಾಲು ಕೊಡುವಾಗ ಅದರ ಹಾಲು ಸೊಸೆ ಹೆಸರಿಗೆ ಎಂದು ಅಮ್ಮ ಒಂದು ಮಾತು ಹೇಳಿದ್ದಾಳೆ. ಅದನ್ನು ನಾನು ಮರೆಯುವುದಿಲ್ಲ.

ಇಂಥ ಜಗಳ ಇರುವ ಬೇರೆ ಮನೆಯವರು ಈಗ ನನ್ನನ್ನು ಕೇಳುತ್ತಾರೆ. ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ನೋಡಿ ಎನ್ನುತ್ತೇನೆ. ಎಷ್ಟೋ ಸಲ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದ ಅರ್ಧಕ್ಕೆ, ಮನೆಯಲ್ಲಿ ಯಾರು ಯಾರನ್ನು ಕೇಳಿ ದುಡ್ಡು ತೆಗೆದುಕೊಳ್ಳಬೇಕಾಗಿದೆ ಎಂದು ವಿಚಾರಿಸುತ್ತೇನೆ. ಅದಕ್ಕೆ ಉತ್ತರ ಒಂದೇ ದಿನಕ್ಕೆ ಸಿಗುವುದಿಲ್ಲ. ಕ್ಯಾನ್ ಉಜ್ಜುವ ಹೊತ್ತಿನಲ್ಲಿ, ಕಾಲು ಒತ್ತುವ ಹೊತ್ತಿನಲ್ಲಿ ಸಿಗುತ್ತದೆ.

ಮನೆಯಲ್ಲಿ ಈಗಲೂ ಮಾತಿಗೆ ಮಾತು ಬರುತ್ತದೆ. ಸಾರಿಗೆ ಉಪ್ಪು ಜಾಸ್ತಿ ಆಯಿತು ಅಂತ, ಮಗು ಫೋನ್ ನೋಡುತ್ತೆ ಅಂತ. ದುಡ್ಡಿನ ಮಾತು ಬಂದರೆ ಪುಸ್ತಕ ತೆಗೆಯುತ್ತಾರೆ. ಖಾಲಿ ಪುಟ ಮುಗಿದು ಈಗ ಎರಡನೇ ಪುಸ್ತಕ. ಅದಕ್ಕೂ ಅಮ್ಮ ಮೊದಲ ಪುಟದಲ್ಲಿ ಅರಿಶಿನ ಹಚ್ಚಿದ್ದಾಳೆ.

ಹೋದ ಸಲ ಹೋದಾಗ ತಿರುಗಿಸಿ ನೋಡಿದೆ. ಪ್ರತಿ ಸಾಲಿನ ಎದುರು ಯಾವುದಕ್ಕೆ ಎಂದು ಅಮ್ಮನ ದುಂಡನೆಯ ಅಕ್ಷರದಲ್ಲಿ ಬರೆದಿದೆ. ಬೂಸಾ, ಗ್ಯಾಸ್, ಚಪ್ಪಲಿ, ನಾಮಕರಣದ ಮುಯ್ಯಿ. ತಿಂಗಳಿಗೆ ಎರಡು ಸಲ "ಸೊಸೆಗೆ 400" ಎಂದಿದೆ. ಅದರ ಎದುರು ಮಾತ್ರ ಅಮ್ಮ ಏನೂ ಬರೆದಿಲ್ಲ.